ಗಗನಯಾತ್ರಿಯ ಆರೋಗ್ಯ ಕಾಯುವುದು ಹೇಗೆ? ಹಾರುವ ಮೊದಲಿನಿಂದ ನೆಲ ಮುಟ್ಟಿದ ಮೇಲಿನವರೆಗೆ, ಹೆಜ್ಜೆ ಹೆಜ್ಜೆಯಾಗಿ

1973ರ ನವೆಂಬರ್. ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣಕ್ಕೆ ಮೂವರು ಹೊರಟಿದ್ದರು. ಮೂವರಿಗೂ ಅದು ಮೊದಲ ಯಾನ. ಹೋದ ದಿನವೇ ವಿಲಿಯಂ ಪೋಗ್ ಅವರಿಗೆ ವಾಂತಿ ಆಯಿತು. ಕೆಳಗೆ ಹೇಳಿದರೆ ಸುಮ್ನೆ ರಗಳೆ, ವಾಂತಿಯ ಚೀಲವನ್ನು ಕಸದ ಜೊತೆ ಎಸೆದುಬಿಡೋಣ ಎಂದು ತಂಡದವರು ತಮ್ಮಲ್ಲೇ ಮಾತಾಡಿಕೊಂಡರು. ಒಳಗಿನ ಟೇಪ್ ರೆಕಾರ್ಡರ್ ಚಾಲೂ ಇತ್ತು. ಅದು ಯಾರ ನೆನಪಿಗೂ ಬರಲಿಲ್ಲ. ಮಾತೆಲ್ಲ ಹೂಸ್ಟನ್‌ನ ನಿಯಂತ್ರಣ ಕೇಂದ್ರ ತಲುಪಿತು. ಗಗನಯಾತ್ರಿಗಳ ಮುಖ್ಯಸ್ಥ ಅಲನ್ ಶೆಪರ್ಡ್ ರೇಡಿಯೋದಲ್ಲೇ ಅವರನ್ನು ತರಾಟೆಗೆ ತೆಗೆದುಕೊಂಡರು.

ಈಗ ನಿಮ್ಮನ್ನು ಆ ಕಡೆಯ ಕುರ್ಚಿಯಲ್ಲಿ ಕೂರಿಸುತ್ತೇನೆ. ಒಬ್ಬ ಗಗನಯಾತ್ರಿ ಆರು ತಿಂಗಳಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಿದ್ದಾರೆ. ನೀವು ಅವರ ಫ್ಲೈಟ್ ಸರ್ಜನ್. ಹೆಸರಿಗಷ್ಟೇ ಸರ್ಜನ್, ಕತ್ತರಿ ಹಿಡಿಯುವ ಕೆಲಸ ಇಲ್ಲ. ನೆಲದ ಮೇಲೆ ಕೂತು, 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವವರ ಮೈ ನೋಡಿಕೊಳ್ಳುವ ಡಾಕ್ಟರು. ವಿಕಿರಣ, ಮೂಳೆ ಸವೆತ, ಕೆಟ್ಟ ಗಾಳಿ ಎಲ್ಲಕ್ಕೂ ಒಂದಲ್ಲ ಒಂದು ಉಪಾಯ ಇದೆ. ಆದರೆ ರೋಗಿ ಬಾಯಿ ಬಿಡದಿದ್ದರೆ ಯಾವ ಉಪಾಯವೂ ನಡೆಯುವುದಿಲ್ಲ. ಪೈಲಟ್ ಆದವರಿಗೆ ಡಾಕ್ಟರನ್ನು ಕಂಡರೆ ಮೊದಲಿನಿಂದಲೂ ಅಳುಕು, ಎಲ್ಲಿ ಹಾರಾಟ ನಿಲ್ಲಿಸಿಬಿಡುತ್ತಾರೋ ಅಂತ. ಈ ಅಳುಕನ್ನು ನೆನಪಿಟ್ಟುಕೊಂಡೇ ಕೆಲಸ ಶುರು ಮಾಡಿ.

ಹೆಜ್ಜೆ 1: ಹಾರುವ ಮೊದಲೇ ಮೈಯ ಪೂರ್ತಿ ಲೆಕ್ಕ ಬರೆದಿಡಿ

ಮೇಲೆ ಹೋದ ಮೇಲೆ ಏನು ಬದಲಾಯಿತು ಎಂದು ತಿಳಿಯಬೇಕಾದರೆ ಮೊದಲು ಹೇಗಿತ್ತು ಎಂದು ಗೊತ್ತಿರಬೇಕು. ಸೊಂಟ ಮತ್ತು ಬೆನ್ನಿನ ಮೂಳೆ ಎಷ್ಟು ಗಟ್ಟಿ, ಕಣ್ಣಿನ ಹಿಂಬದಿ ಹೇಗಿದೆ, ಕಿಡ್ನಿಯಲ್ಲಿ ಕಲ್ಲಿನ ಸುಳಿವೇನಾದರೂ ಇದೆಯೇ, ಹೃದಯ, ರಕ್ತ, ಮೂತ್ರ, ಕಿವಿ, ಹಲ್ಲು, ಎಲ್ಲವನ್ನೂ ದಾಖಲಿಸಿ. ಹಲ್ಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೇಲೆ ಹಲ್ಲುನೋವು ಬಂದರೆ ಕೀಳಬೇಕಾದವರು ಪಕ್ಕದಲ್ಲಿ ತೇಲುತ್ತಿರುವ ಇಂಜಿನಿಯರ್!

ನಮ್ಮ ಗಗನಯಾನಕ್ಕೆ ವಾಯುಪಡೆಯ ನಾಲ್ವರು ಪೈಲಟ್‌ಗಳನ್ನು ಆರಿಸುವಾಗ ಇಂಥ ಪರೀಕ್ಷೆ ನಡೆದದ್ದು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ದಿನಾ ಬಸ್ಸಿನಲ್ಲಿ ಹೋಗುವ ಎಷ್ಟೋ ಜನಕ್ಕೆ ಆ ಕಾಂಪೌಂಡಿನ ಒಳಗೆ ಮನುಷ್ಯರನ್ನು ಗರಗರ ತಿರುಗಿಸಿ ಪರೀಕ್ಷಿಸುವ ಯಂತ್ರ ಇದೆ ಎಂದು ಗೊತ್ತಿರಲಿಕ್ಕಿಲ್ಲ.

ಹೊರಡುವ ತಂಡದಲ್ಲಿ ಕೆಲವರಿಗೆ ವೈದ್ಯಕೀಯ ತರಬೇತಿ ಕೊಡಿ. ಅವರು ಡಾಕ್ಟರೇ ಆಗಿರಬೇಕೆಂದಿಲ್ಲ. ಇಂಜೆಕ್ಷನ್ ಕೊಡುವುದು, ಹೊಲಿಗೆ ಹಾಕುವುದು, ಅಲ್ಟ್ರಾಸೌಂಡ್ ಹಿಡಿಯುವುದು ಬರಬೇಕು. ಎದೆ ಒತ್ತಿ ಜೀವ ಉಳಿಸುವ ವಿಧಾನವನ್ನೂ ಹೊಸದಾಗಿ ಕಲಿಸಬೇಕು. ಅಲ್ಲಿ ಸುಮ್ಮನೆ ಒತ್ತಿದರೆ ರೋಗಿ ಆ ಕಡೆ, ಒತ್ತಿದವರು ಈ ಕಡೆ. ಹಾಗಾಗಿ ರೋಗಿಯನ್ನು ಪಟ್ಟಿಯಿಂದ ಬಿಗಿದು, ತಮ್ಮ ಕಾಲನ್ನು ಎದುರು ಗೋಡೆಗೆ ಒದ್ದುಕೊಂಡು ಒತ್ತುತ್ತಾರೆ.

ಇನ್ನೊಂದು ಕೆಲಸ ಬಾಕಿ ಇದೆ. ಗಗನಯಾತ್ರಿಯನ್ನು ಕೂರಿಸಿಕೊಂಡು, ಏನೇನು ಹೇಳಿದರೆ ಏನೇನು ಆಗುತ್ತದೆ ಎಂದು ಬಿಡಿಸಿ ಹೇಳಿ. ವಾಂತಿ ಆದರೆ ಕೆಲಸದ ಪಟ್ಟಿ ಬದಲಾಗುತ್ತದೆ ಅಷ್ಟೇ, ಕೆಲಸ ಹೋಗುವುದಿಲ್ಲ. ನಿಮ್ಮಿಬ್ಬರ ಮಾತುಕತೆ ಖಾಸಗಿ ಚಾನೆಲ್‌ನಲ್ಲಿ ನಡೆಯುತ್ತದೆ, ಬೇರೆಯವರ ಕಿವಿಗೆ ಬೀಳುವುದಿಲ್ಲ. ಇದು ಅವರಿಗೆ ಖಾತ್ರಿಯಾಗಿರಲಿ.

ಹೆಜ್ಜೆ 2: ಎರಡು ವಾರ ಯಾರನ್ನೂ ಹತ್ತಿರ ಬಿಡಬೇಡಿ

ನೆಗಡಿ ಅಂದರೆ ನಮಗೆ ಎರಡು ಕಾಳುಮೆಣಸಿನ ಕಷಾಯದ ವಿಷಯ. ಅಲ್ಲಿ ಹಾಗಲ್ಲ. ತೂಕವಿಲ್ಲದ ಕಡೆ ಮೂಗಿನ ಸಿಂಬಳ ಕೆಳಗೆ ಇಳಿಯುವುದೇ ಇಲ್ಲ. 1968ರಲ್ಲಿ ಅಪೋಲೋ 7ರ ಕಮಾಂಡರ್ ವಾಲಿ ಶಿರಾ ಅವರಿಗೆ ನೆಗಡಿ ಶುರುವಾಯಿತು. ತಂಡ ಪೂರ್ತಿ ಸಿಡಿಮಿಡಿ. ಇಳಿಯುವಾಗ ಹೆಲ್ಮೆಟ್ ಹಾಕಿದರೆ ಮೂಗು ಸೀನಿಕೊಳ್ಳಲಾಗದೆ ಕಿವಿಯ ತಮಟೆ ಒಡೆದೀತು ಎಂದು ಹಟ ಹಿಡಿದು, ಹೆಲ್ಮೆಟ್ ಇಲ್ಲದೇ ಇಳಿದರು. 1970ರಲ್ಲಿ ಅಪೋಲೋ 13 ಹೊರಡುವ ಮುನ್ನ ಕೆನ್ ಮ್ಯಾಟಿಂಗ್ಲಿ ರುಬೆಲ್ಲಾ ಸೋಂಕಿದವರ ಹತ್ತಿರ ಇದ್ದರು ಎಂದು ಅವರನ್ನೇ ತಂಡದಿಂದ ಬಿಟ್ಟರು. ಅವರಿಗೆ ರುಬೆಲ್ಲಾ ಬರಲೇ ಇಲ್ಲ ಅನ್ನುವುದು ಬೇರೆ ಮಾತು.

ಇದೆಲ್ಲ ಆದ ಮೇಲೆ ಕ್ವಾರಂಟೈನ್ ಕಡ್ಡಾಯವಾಯಿತು. ಸಾಮಾನ್ಯವಾಗಿ 14 ದಿನ. ಶುಭಾಂಶು ಶುಕ್ಲಾ ಅವರ ಆಕ್ಸಿಯಮ್-4 ತಂಡ 2025ರ ಮೇ ಕೊನೆಗೇ ಕ್ವಾರಂಟೈನ್ ಸೇರಿತು. ಉಡಾವಣೆ ಮುಂದೆ ಮುಂದೆ ಹೋಗಿ ಕೊನೆಗೆ ಹಾರಿದ್ದು ಜೂನ್ 25ಕ್ಕೆ. ಒಂದು ತಿಂಗಳು! ಹೀಗೂ ಆಗಬಹುದು ಎಂದು ಮನೆಯವರಿಗೆ ಮೊದಲೇ ಹೇಳಿಡಿ.

ಹೆಜ್ಜೆ 3: ಮೊದಲ ಮೂರು ದಿನ ಅವಸರ ಮಾಡಬೇಡಿ

ಮೇಲೆ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ವಾಕರಿಕೆ ಬರುತ್ತದೆ. ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಇನ್ನೊಂದು ಹೇಳುತ್ತದೆ. ಮೆದುಳು ಗಲಿಬಿಲಿಯಾಗುತ್ತದೆ. ಎಂಥ ಗಟ್ಟಿಗ ಪೈಲಟ್ ಆದರೂ ಅಷ್ಟೇ. ಇಲ್ಲಿ ಚಾರ್ಮಾಡಿ ಘಾಟಿಯಲ್ಲಿ ಏನೂ ಆಗದವರಿಗೆ ಅಲ್ಲಿ ಆಗಬಹುದು.

ತಲೆಯನ್ನು ಗಕ್ಕನೆ ತಿರುಗಿಸಬೇಡಿ ಎನ್ನಿ. ಎಲ್ಲರೂ ಒಂದೇ ದಿಕ್ಕನ್ನು 'ಮೇಲೆ' ಎಂದುಕೊಂಡು ನಿಲ್ಲಲಿ. ಜಾಸ್ತಿಯಾದರೆ ಪ್ರೊಮೆಥಜೀನ್ ಇಂಜೆಕ್ಷನ್ ಇದೆ. ನುಂಗುವ ಮಾತ್ರೆ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ! ಈ ದಿನಗಳಲ್ಲಿ ಬಾಹ್ಯಾಕಾಶ ನಡಿಗೆ ಇಟ್ಟುಕೊಳ್ಳಬೇಡಿ. ಹೆಲ್ಮೆಟ್ಟಿನೊಳಗೆ ವಾಂತಿಯಾದರೆ ಉಸಿರು ಕಟ್ಟಿ ಪ್ರಾಣವೇ ಹೋಗಬಹುದು. 1969ರಲ್ಲಿ ಅಪೋಲೋ 9ರ ರಸ್ಟಿ ಶ್ವೈಕಾರ್ಟ್ ಅವರಿಗೆ ವಾಂತಿಯಾಗಿದ್ದಕ್ಕೆ ಅವರ ನಡಿಗೆಯನ್ನೇ ಮೊಟಕು ಮಾಡಿದರು. ಅವರು ಮುಚ್ಚಿಡದೆ ಹೇಳಿದ್ದರಿಂದ ಇದು ಆಯಿತು.

ಹೆಜ್ಜೆ 4: ದಿನಕ್ಕೆ ಎರಡೂವರೆ ಗಂಟೆ ಕಸರತ್ತು, ರಜೆ ಇಲ್ಲ

ಇದು ಇಡೀ ಕೆಲಸದ ಬೆನ್ನೆಲುಬು. ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಭೂಮಿಯ ಮೇಲೆ ನಾವು ನಿಂತರೂ ನಡೆದರೂ ಮೂಳೆಗೆ ಕೆಲಸ. ಅಲ್ಲಿ ಹೊರಲು ಭಾರವೇ ಇಲ್ಲ. ದೇಹ ಬಲು ಲೆಕ್ಕಾಚಾರದ ಯಜಮಾನ. ಕೆಲಸವಿಲ್ಲದ ಮೂಳೆಗೆ ಸುಣ್ಣ ಖರ್ಚು ಮಾಡುವುದಿಲ್ಲ. ಏನೂ ಮಾಡದೆ ಬಿಟ್ಟರೆ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುತ್ತದೆ. ಕಾಲು ಮತ್ತು ಬೆನ್ನಿನ ಸ್ನಾಯು ಅದಕ್ಕೂ ಬೇಗ ಕರಗುತ್ತದೆ.

ನಿಲ್ದಾಣದಲ್ಲಿ ಮೂರು ಯಂತ್ರ ಇವೆ. ಒಂದು ಸೈಕಲ್. ಅದಕ್ಕೆ ಸೀಟು ಬೇಕಾಗಿಲ್ಲ. ಎರಡನೆಯದು ಟ್ರೆಡ್‌ಮಿಲ್. ಭುಜಕ್ಕೂ ಸೊಂಟಕ್ಕೂ ಪಟ್ಟಿ ಕಟ್ಟಿ ಕೆಳಕ್ಕೆ ಎಳೆದು ಹಿಡಿಯದಿದ್ದರೆ ಮೊದಲ ಹೆಜ್ಜೆಗೇ ತೇಲಿ ಹೋಗುತ್ತಾರೆ. ಮೂರನೆಯದು 2008ರಲ್ಲಿ ಬಂದ 'ಎ-ರೆಡ್' ಎಂಬ ಭಾರ ಎತ್ತುವ ಯಂತ್ರ. ಕಬ್ಬಿಣದ ತೂಕಕ್ಕೆ ಅಲ್ಲಿ ತೂಕವೇ ಇಲ್ಲ ಅಲ್ವಾ? ಅದಕ್ಕೆ ಇದರಲ್ಲಿ ಗಾಳಿ ತೆಗೆದ ಎರಡು ಸಿಲಿಂಡರ್ ಇವೆ. ಅದರ ಪಿಸ್ಟನ್ ಎಳೆಯುವುದೇ ಭಾರ ಎತ್ತಿದ ಹಾಗೆ. ಸುಮಾರು 270 ಕಿಲೋ ಭಾರದವರೆಗೂ ಹೊಂದಿಸಬಹುದು. ಇದು ಬಂದ ಮೇಲೆ ಮೂಳೆ ಸವೆತ ಚೆನ್ನಾಗಿ ಹತೋಟಿಗೆ ಬಂತು. ಮೊದಲಿದ್ದ ಯಂತ್ರದಲ್ಲಿ ಇಷ್ಟು ಭಾರ ಸಿಗುತ್ತಿರಲಿಲ್ಲ. ಬರೀ ಓಡಿದರೆ ಸಾಲದು, ಕುಕ್ಕರುಗಾಲಿನಲ್ಲಿ ಕೂತು ಏಳುವ ಬೈಠಕ್ ಬೇಕೇ ಬೇಕು.

ದಿನಕ್ಕೆ ಎರಡೂವರೆ ಗಂಟೆ ಅಂದರೆ ಅದರಲ್ಲಿ ಯಂತ್ರ ಹೊಂದಿಸುವುದು, ಬಟ್ಟೆ ಬದಲಿಸುವುದು, ಒರೆಸಿಕೊಳ್ಳುವುದು ಎಲ್ಲ ಸೇರಿತು. ಬೆವರು ಹರಿದು ಇಳಿಯುವುದಿಲ್ಲ, ಮೈಗೆ ಅಂಟಿಕೊಂಡು ಮುದ್ದೆಯಾಗುತ್ತದೆ. ಟವೆಲಿಗೆ ಹತ್ತಿದ ಆ ತೇವವೂ ಗಾಳಿಗೆ ಸೇರಿ, ಶುದ್ಧವಾಗಿ, ಕುಡಿಯುವ ನೀರಾಗಿ ಬರುತ್ತದೆ. ಮೂತ್ರವೂ ಅಷ್ಟೇ. ಕೇಳಿ ಮುಖ ಸಿಂಡರಿಸಬೇಡಿ. ನಿಲ್ದಾಣ ಇವತ್ತು ಶೇಕಡಾ 98ರಷ್ಟು ನೀರನ್ನು ಹೀಗೆ ಮರಳಿ ಪಡೆಯಬಲ್ಲದು.

1984ರಲ್ಲಿ ರಾಕೇಶ್ ಶರ್ಮಾ ಸಲ್ಯೂಟ್-7 ನಿಲ್ದಾಣದಲ್ಲಿ ಯೋಗ ಮಾಡಿ ನೋಡಿದ್ದರು. ಎಂಟು ದಿನದ ಯಾನಕ್ಕೆ ಅದು ಒಳ್ಳೆಯ ಪ್ರಯೋಗ. ಆರು ತಿಂಗಳಿಗೆ ಆಸನ ಒಂದೇ ಸಾಲದು, ಮೂಳೆಗೆ ಭಾರ ಬೀಳಲೇಬೇಕು ಎನ್ನುವುದು ನನ್ನ ಅಭಿಪ್ರಾಯ.

ಕೆಲವರಿಗೆ ಮೂಳೆ ಸವೆತ ತಡೆಯುವ ಅಲೆಂಡ್ರೊನೇಟ್ ಮಾತ್ರೆಯನ್ನೂ ಕೊಟ್ಟು ನೋಡಿದ್ದಾರೆ. ಕಸರತ್ತಿನ ಜೊತೆ ಅದು ಚೆನ್ನಾಗಿಯೇ ಕೆಲಸ ಮಾಡಿತು. ನಮ್ಮ ಅಜ್ಜಿಯಂದಿರಿಗೆ ಡಾಕ್ಟರು ವಾರಕ್ಕೊಂದು ಬರೆದುಕೊಡುವ ಮಾತ್ರೆಯೇ ಅದು.

ಹೆಜ್ಜೆ 5: ನೀರು ಜಾಸ್ತಿ, ಉಪ್ಪು ಕಮ್ಮಿ

ಮೂಳೆಯಿಂದ ಹೊರಬಿದ್ದ ಸುಣ್ಣದಂಶ ಎಲ್ಲಿಗೆ ಹೋಗುತ್ತದೆ? ಮೂತ್ರಕ್ಕೆ. ಅಲ್ಲಿಂದ ಕಿಡ್ನಿ ಕಲ್ಲು. ಆ ನೋವು ಬಂದವರನ್ನು ಕೇಳಿ ನೋಡಿ, ನೆಲದ ಮೇಲೇ ಪ್ರಾಣ ಹೋದ ಹಾಗಾಗುತ್ತದೆ. ಹಾಗಾಗಿ ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿಸಿ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಹೋಗುವ ಸುಣ್ಣವೂ ಹೆಚ್ಚುತ್ತದೆ ಎಂದು ನಾಸಾ ತನ್ನ ಎಷ್ಟೋ ತಿನಿಸುಗಳಲ್ಲಿ ಉಪ್ಪು ಇಳಿಸಿತು. ತೊಂದರೆ ಏನೆಂದರೆ, ಮೇಲೆ ಮೂಗು ಕಟ್ಟಿಕೊಂಡಂತಿರುತ್ತದೆ. ಊಟ ಸಪ್ಪೆ ಅನ್ನಿಸುತ್ತದೆ. ಎಲ್ಲರೂ ಖಾರ ಹುಡುಕುತ್ತಾರೆ. ಖಾರ ಕೊಡಿ, ಉಪ್ಪಿನಕಾಯಿಗೆ ಕೈ ಬಿಗಿ ಹಿಡಿಯಿರಿ.

ಪುಡಿ ಉದುರುವ ತಿಂಡಿ ಬೇಡ. ಪುಡಿ ತೇಲಿ ಕಣ್ಣಿಗೆ, ಮೂಗಿಗೆ, ಯಂತ್ರದ ಸಂದಿಗೆ ಹೋಗುತ್ತದೆ. ಬ್ರೆಡ್ಡಿನ ಜಾಗದಲ್ಲಿ ಅವರು ಟಾರ್ಟಿಯಾ ಒಯ್ಯುತ್ತಾರೆ, ನಮ್ಮ ಚಪಾತಿಯ ತಂಗಿ. ಚಪಾತಿ ಪಾಸು, ಚಕ್ಕುಲಿ ಫೇಲು. ಶುಕ್ಲಾ ಒಯ್ದ ಕ್ಯಾರೆಟ್ ಹಲ್ವ, ಹೆಸರುಬೇಳೆ ಹಲ್ವ, ಮಾವಿನ ರಸದ ಹಿಂದೆ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದ ಕೆಲಸ ಇತ್ತು. ಅದೇ ಯಾನದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರ ಹೆಸರುಕಾಳು, ಮೆಂತ್ಯೆ ಕಾಳುಗಳನ್ನೂ ಮೊಳಕೆ ಬರಿಸಿ ನೋಡಿದರು. ತಾಜಾ ಮೊಳಕೆ ಸಿಕ್ಕರೆ ಪೌಷ್ಟಿಕಾಂಶವೂ ಸಿಕ್ಕಿತು, ಹಸಿರು ಕಂಡ ಖುಷಿಯೂ ಸಿಕ್ಕಿತು. ಬಿಸಿಲು ಮೈಗೆ ಬೀಳದ ಕಾರಣ ವಿಟಮಿನ್ ಡಿ ಮಾತ್ರೆ ಮಾತ್ರ ತಪ್ಪಿಸುವ ಹಾಗಿಲ್ಲ.

ಹೆಜ್ಜೆ 6: ಕಣ್ಣು ಮತ್ತು ರಕ್ತನಾಳದ ಮೇಲೆ ಕಣ್ಣಿಡಿ

ಕೆಳಕ್ಕೆ ಎಳೆಯುವ ಶಕ್ತಿ ಕಾಣದಿದ್ದರೆ ಮೈಯ ನೀರು, ರಕ್ತ ತಲೆಯ ಕಡೆ ಸೇರುತ್ತದೆ. ಮುಖ ಊದುತ್ತದೆ, ಕಾಲು ಕಡ್ಡಿಯಂತಾಗುತ್ತದೆ. ಈ ಒತ್ತಡದಿಂದ ತಿಂಗಳುಗಟ್ಟಲೆ ಇದ್ದವರಲ್ಲಿ ಕೆಲವರ ಕಣ್ಣಿನ ನರದ ಬುಡ ಊದಿ, ಕಣ್ಣುಗುಡ್ಡೆಯ ಹಿಂಬದಿ ಚಪ್ಪಟೆಯಾಗಿ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಅದಕ್ಕೇ ಹೆಚ್ಚು ಪವರಿನ ಕನ್ನಡಕವನ್ನು ಮೊದಲೇ ಕಳಿಸಿರಿ. ಕಣ್ಣಿನ ಸ್ಕ್ಯಾನ್ ಆಗಾಗ ಮಾಡಿಸಿ, ಹೆಜ್ಜೆ 1ರ ಚಿತ್ರದ ಜೊತೆ ಹೋಲಿಸಿ. ರಷ್ಯನ್ನರ ಬಳಿ 'ಚಿಬಿಸ್' ಎಂಬ ಪ್ಯಾಂಟ್ ಇದೆ. ಒಳಗಿನ ಗಾಳಿಯನ್ನು ಸ್ವಲ್ಪ ತೆಗೆದರೆ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ಆದರೆ ಕಣ್ಣಿನ ಈ ತೊಂದರೆಗೆ ಪೂರ್ತಿ ಪರಿಹಾರ ಇನ್ನೂ ಸಿಕ್ಕಿಲ್ಲ.

ರಕ್ತನಾಳದ ಕತೆ ಇನ್ನೂ ಸ್ವಾರಸ್ಯ. ನಿಲ್ದಾಣದಲ್ಲಿದ್ದ ಒಬ್ಬ ಗಗನಯಾತ್ರಿ, ಹೋಗಿ ಎರಡು ತಿಂಗಳಾಗಿತ್ತು, ಒಂದು ಸಂಶೋಧನೆಗಾಗಿ ಕತ್ತಿನ ಅಲ್ಟ್ರಾಸೌಂಡ್ ಮಾಡಿಕೊಳ್ಳುತ್ತಿದ್ದರು. ಕತ್ತಿನ ರಕ್ತನಾಳದಲ್ಲಿ ಹೆಪ್ಪು ಕಾಣಿಸಿತು. ನೋವಿಲ್ಲ, ಏನೂ ಇಲ್ಲ. ಪ್ರಕರಣವನ್ನು ಪ್ರಕಟಿಸುವಾಗ ಹೆಸರನ್ನು ಗುಟ್ಟಾಗಿಯೇ ಇಟ್ಟರು. ನಾಸಾ ವೈದ್ಯರು ಅಮೆರಿಕದ ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯದ ರಕ್ತ ಹೆಪ್ಪಿನ ತಜ್ಞ ಸ್ಟೀಫನ್ ಮೋಲ್ ಅವರನ್ನು ಕೇಳಿದರು. ಮೇಲಿನ ಔಷಧಿ ಪೆಟ್ಟಿಗೆಯಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಎನಾಕ್ಸಾಪರಿನ್ ಇಂಜೆಕ್ಷನ್ ಇತ್ತು, ಆದರೆ ಸ್ವಲ್ಪವೇ. ಮಾತ್ರೆ ಹೊತ್ತ ಸರಕು ನೌಕೆ ಬರುವವರೆಗೆ ಅದನ್ನು ಅಳೆದು ಅಳೆದು ಸುಮಾರು 40 ದಿನ ಓಡಿಸಿದರು. ಆಮೇಲೆ ಮಾತ್ರೆ. ಇಳಿಯುವ ನಾಲ್ಕು ದಿನ ಮೊದಲು ಅದನ್ನೂ ನಿಲ್ಲಿಸಿದರು, ಇಳಿಯುವಾಗ ಪೆಟ್ಟಾದರೆ ರಕ್ತ ನಿಲ್ಲಬೇಕಲ್ಲ. ನಡುವೆ ಒಂದು ದಿನ ಮೋಲ್ ಅವರ ಮನೆಗೆ ಬಾಹ್ಯಾಕಾಶದಿಂದಲೇ ಫೋನ್ ಬಂತು. ಎತ್ತಿದ್ದು ಅವರ ಹೆಂಡತಿ!

ನಿಮಗೆ ಇದರಿಂದ ಎರಡು ಕೆಲಸ. ಏನೂ ಇಲ್ಲ ಎಂದಾಗಲೂ ಸ್ಕ್ಯಾನ್ ಮಾಡಿಸಿ. ಔಷಧಿ ಪೆಟ್ಟಿಗೆ ತುಂಬುವಾಗ ಇನ್ನೂ ಯಾರಿಗೂ ಬರದ ಕಾಯಿಲೆಗೂ ಒಂದು ಮೂಲೆ ಬಿಡಿ. ಎಲ್ಲ ಮಾಡಿಯೂ ಸಾಲದಿದ್ದರೆ ಇಳಿಸಿಕೊಳ್ಳಲು ಹಿಂಜರಿಯಬೇಡಿ. 2026ರ ಜನವರಿಯಲ್ಲಿ ತಂಡದ ಒಬ್ಬರ ಆರೋಗ್ಯದ ಕಾರಣಕ್ಕೆ ನಾಲ್ವರನ್ನೂ ಅವಧಿಗೆ ಮೊದಲೇ ಕರೆಸಿಕೊಂಡರು.

ಹೆಜ್ಜೆ 7: ಗಾಳಿ, ಬೆಂಕಿ, ಸೋರಿಕೆ

ಬಿಸಿ ಗಾಳಿ ಮೇಲೇರುವುದು ತೂಕದ ಆಟ. ಅಲ್ಲಿ ಆ ಆಟ ಇಲ್ಲ. ಮಲಗಿದವರು ಬಿಟ್ಟ ಉಸಿರು ಮುಖದ ಸುತ್ತಲೇ ಗುಳ್ಳೆಯಂತೆ ನಿಂತು ತಲೆನೋವು ತರುತ್ತದೆ. ಮಲಗುವ ಗೂಡಿನಲ್ಲಿ ಫ್ಯಾನ್ ಓಡುತ್ತಿರಬೇಕು. 'ಸ್ವಲ್ಪ ತಲೆ ಭಾರ' ಎಂದರೆ ಮಾತ್ರೆ ಕೊಡುವ ಮೊದಲು ಇಂಗಾಲದ ಡೈಆಕ್ಸೈಡ್ ಮೀಟರ್ ನೋಡಿ.

ಬೆಂಕಿ ಮತ್ತು ವಿಷಾನಿಲಕ್ಕೆ ಕವಾಯತು ಒಂದೇ ಮದ್ದು. 1997ರಲ್ಲಿ ರಷ್ಯಾದ ಮಿರ್ ನಿಲ್ದಾಣದಲ್ಲಿ ಆಮ್ಲಜನಕ ಉತ್ಪಾದಿಸುವ ಡಬ್ಬಿಗೇ ಬೆಂಕಿ ಹತ್ತಿತ್ತು. 2015ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಅಮೋನಿಯಾ ಸೋರಿದೆ ಎಂಬ ಎಚ್ಚರಿಕೆ ಬಂದಾಗ ಎಲ್ಲರೂ ಮುಖವಾಡ ಹಾಕಿ ರಷ್ಯಾದ ಭಾಗಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಸುಳ್ಳು ಎಚ್ಚರಿಕೆ, ಆದರೆ ಮಾಡಿದ್ದು ಸರಿ. 1971ರಲ್ಲಿ ಸೋವಿಯತ್ ನೌಕೆ ಸೋಯುಜ್ 11 ಇಳಿಯುವಾಗ ಗಾಳಿ ಸೋರಿ ಮೂವರೂ ತೀರಿಕೊಂಡರು. ಒತ್ತಡದ ಉಡುಪು ಅವರ ಮೈಮೇಲೆ ಇರಲಿಲ್ಲ. ಅಂದಿನಿಂದ ಸೋಯುಜ್‌ನಲ್ಲಿ ಏರುವಾಗ, ಇಳಿಯುವಾಗ ಉಡುಪು ಕಡ್ಡಾಯ.

ನಡಿಗೆಗೆ ಹೋಗುವವರ ಉಡುಪಿನಲ್ಲಿ ಒತ್ತಡ ನಿಲ್ದಾಣದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಮೊದಲು ಶುದ್ಧ ಆಮ್ಲಜನಕ ಉಸಿರಾಡಿ ರಕ್ತದ ಸಾರಜನಕ ಹೊರಹಾಕದಿದ್ದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆ ಏಳುತ್ತದೆ. ಹೊರಗೆ ಹೋದ ಮೇಲೆ ಯಾವ ಸಣ್ಣ ದೂರನ್ನೂ ತಳ್ಳಿಹಾಕಬೇಡಿ. 2013ರ ಜುಲೈನಲ್ಲಿ ಇಟಲಿಯ ಗಗನಯಾತ್ರಿ ಲೂಕಾ ಪರ್ಮಿಟಾನೊ ಅವರ ಹೆಲ್ಮೆಟ್‌ಗೆ ಒಂದು ಲೀಟರಿಗೂ ಹೆಚ್ಚು ನೀರು ತುಂಬಿ ಮೂಗು, ಕಣ್ಣು ಮುಚ್ಚಿತ್ತು. ಒಂದು ವಾರ ಹಿಂದಿನ ನಡಿಗೆಯಲ್ಲೂ ನೀರು ಕಂಡಿತ್ತು, ಕುಡಿಯುವ ಚೀಲ ಸೋರಿರಬೇಕು ಎಂದು ಬಿಟ್ಟಿದ್ದರು. ಈಗ ಹೆಲ್ಮೆಟ್‌ನಲ್ಲಿ ನೀರು ಹೀರುವ ಪ್ಯಾಡ್ ಮತ್ತು ಉಸಿರಾಡಲು ಒಂದು ಕೊಳವೆ ಇರುತ್ತದೆ.

ಹೆಜ್ಜೆ 8: ವಿಕಿರಣದ ಪಾಸ್‌ಬುಕ್ ಇಡಿ

ಅಪೋಲೋ ಯಾತ್ರಿಗಳಿಗೆ ಕಣ್ಣು ಮುಚ್ಚಿದರೂ ಬೆಳಕಿನ ಕಿಡಿ ಕಾಣುತ್ತಿತ್ತು. ಅದು ವಿಶ್ವಕಿರಣಗಳ ಕಣಗಳು ತಲೆಯನ್ನು ಹಾಯ್ದು ಹೋಗುವ ಗುರುತು. ನೆಲದ ಮೇಲೆ ನಮಗೆ ಪ್ರಕೃತಿಯಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ಬೀಳುವ ವಿಕಿರಣದ ಅಳತೆ) ವಿಕಿರಣ ಬೀಳುತ್ತದೆ. ನಿಲ್ದಾಣದಲ್ಲಿ ಆರು ತಿಂಗಳಿಗೆ ಸರಿಸುಮಾರು 50ರಿಂದ 100. ನಾಸಾದ ಮಿತಿ ಇಡೀ ವೃತ್ತಿಜೀವನಕ್ಕೆ 600. ವಿಕಿರಣ ಅಳೆಯುವ ಡೋಸಿಮೀಟರ್ ಸದಾ ಮೈಮೇಲಿರಲಿ. ಪ್ರತಿ ಯಾನದ ಲೆಕ್ಕವನ್ನೂ ಖಾತೆಗೆ ಸೇರಿಸುತ್ತ ಬನ್ನಿ. ಇದು ಖರ್ಚು ಮಾತ್ರ ಇರುವ ಖಾತೆ, ಜಮಾ ಇಲ್ಲ.

ಗೋಡೆ ಯಾವುದು ಒಳ್ಳೆಯದು? ಸೀಸ ಅಂತ ಅನ್ನಿಸುತ್ತದೆ, ಎಕ್ಸ್‌ರೇ ರೂಮು ನೋಡಿ ನೋಡಿ. ಭಾರವಾದ ಲೋಹಕ್ಕೆ ಈ ಕಣಗಳು ಬಡಿದರೆ ಹೊಸ ಕಣಗಳು ಸಿಡಿಯುತ್ತವೆ. ಹೈಡ್ರೋಜನ್ ತುಂಬಿದ ಹಗುರ ವಸ್ತುಗಳೇ ಮೇಲು. ನೀರು, ಊಟದ ಪೊಟ್ಟಣ, ಪಾಲಿಥೀನ್. ಮಲಗುವ ಗೂಡಿನ ಸುತ್ತ ಇವನ್ನೇ ಜೋಡಿಸಿ. ಸೂರ್ಯನಲ್ಲಿ ಬಿರುಗಾಳಿ ಎದ್ದರೆ ಎಲ್ಲರನ್ನೂ ಸಾಮಾನಿನ ನಡುವೆ ತೂರಿಸಿ. 1972ರ ಆಗಸ್ಟ್‌ನಲ್ಲಿ ಭಾರೀ ಸೌರ ಬಿರುಗಾಳಿ ಎದ್ದಿತ್ತು. ಅಪೋಲೋ 16 ಏಪ್ರಿಲ್‌ನಲ್ಲೇ ಮರಳಿತ್ತು, 17 ಹೊರಟದ್ದು ಡಿಸೆಂಬರ್‌ನಲ್ಲಿ. ನಡುವೆ ಬಂದದ್ದು ಬರೀ ಅದೃಷ್ಟ. ಇವತ್ತು ಸೂರ್ಯನನ್ನು ಕಾಯಲು ನಮ್ಮ ಆದಿತ್ಯ-ಎಲ್1 ಕೂಡ ಇದೆ. ಅದರ ಮುಖ್ಯ ಉಪಕರಣ ತಯಾರಾದದ್ದು ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಕೇಂದ್ರದಲ್ಲಿ.

ಮಂಗಳದ ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ಕ್ಯೂರಿಯಾಸಿಟಿ ರೋವರ್ ದಾರಿಯಲ್ಲಿ ಅಳೆದದ್ದು ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್. ಹೋಗಲು 180 ದಿನ, ಬರಲು 180 ದಿನ ಎಂದರೆ ಅಲ್ಲಿ ಇಳಿದ ದಿನಗಳನ್ನು ಬಿಟ್ಟೂ 600 ದಾಟಿತು.

ಹೆಜ್ಜೆ 9: ನಿದ್ದೆ ಮತ್ತು ಮನಸ್ಸು

90 ನಿಮಿಷಕ್ಕೊಂದು ಸುತ್ತು, ದಿನಕ್ಕೆ 16 ಸೂರ್ಯೋದಯ. ಬೆಳಗ್ಗೆ ನೀಲಿ ಬೆಳಕು, ಮಲಗುವ ಮುನ್ನ ಕೆಂಪು ಬೆಳಕು ಹಾಕಿಸಿ. ವೇಳಾಪಟ್ಟಿಯಲ್ಲಿ ಎಂಟೂವರೆ ಗಂಟೆ ನಿದ್ದೆ ಬರೆದರೂ ಆಗುವುದು ಆರೇ ಗಂಟೆ. ಆ ಹೊತ್ತಿಗೆ ಬೇರೆ ಕೆಲಸ ತುರುಕುವವರ ಜೊತೆ ಜಗಳ ಆಡುವುದೂ ನಿಮ್ಮ ಕೆಲಸವೇ.

ಎರಡು ವಾರಕ್ಕೊಮ್ಮೆ ಮನಶ್ಶಾಸ್ತ್ರಜ್ಞರ ಜೊತೆ ಖಾಸಗಿ ಮಾತು, ವಾರಕ್ಕೊಮ್ಮೆ ಮನೆಯವರ ಮುಖ. ಯಾರ ಜೊತೆ ಮನಸ್ತಾಪ ಎಂದು ನೇರ ಕೇಳಿದರೆ ಯಾರೂ ಹೇಳುವುದಿಲ್ಲ. ಊಟ ಎಲ್ಲರ ಜೊತೆ ಮಾಡಿದಿರಾ ಎಂದು ಕೇಳಿ, ತಾನಾಗಿ ಗೊತ್ತಾಗುತ್ತದೆ. 2024ರ ಜೂನ್‌ನಲ್ಲಿ ಸುನಿತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಎಂಟು ದಿನಕ್ಕೆಂದು ಹೋಗಿ 286 ದಿನ ಉಳಿದರು. ಎಂಟು ದಿನಕ್ಕೆ ಕಳಿಸುವವರಿಗೂ ಎಂಟು ತಿಂಗಳ ತಯಾರಿ ಮಾಡಿಸಿ.

ಹೆಜ್ಜೆ 10: ಇಳಿಸಿಕೊಳ್ಳುವುದು

ಹೊರಡುವ ಮುನ್ನ ಉಪ್ಪು ಬೆರೆತ ನೀರು ಕುಡಿಸಿ, ಕಾಲು ಹೊಟ್ಟೆಗೆ ಬಿಗಿಯುಡುಪು ಹಾಕಿಸಿ. ಇಲ್ಲದಿದ್ದರೆ ಎದ್ದು ನಿಂತ ಕೂಡಲೇ ರಕ್ತ ಕಾಲಿಗೆ ಇಳಿದು ತಲೆ ಸುತ್ತುತ್ತದೆ. ಇಷ್ಟು ದಿನ ಉಪ್ಪು ಬೇಡ ಎಂದವರು ನೀವೇ, ಈಗ ಕುಡಿಸುವವರೂ ನೀವೇ. ಮುಂದಿನ 45 ದಿನ ದಿನಕ್ಕೆ ಎರಡು ಗಂಟೆ ವ್ಯಾಯಾಮದ ಆರೈಕೆ. ಕಾರು ಓಡಿಸುವುದು ಸದ್ಯಕ್ಕೆ ಬೇಡ. ಇಳಿದ ಮೇಲೆ ಶುಕ್ಲಾ ಲ್ಯಾಪ್‌ಟಾಪನ್ನು ಹಾಸಿಗೆಯ ಪಕ್ಕಕ್ಕೆ ಬಿಟ್ಟರಂತೆ, ತೇಲುತ್ತದೆ ಎಂದುಕೊಂಡು. ಅದು ಬಿತ್ತು.

ಮಂಗಳದಲ್ಲಿ ಇಳಿದವರನ್ನು ಕುರ್ಚಿಯಲ್ಲಿ ಎತ್ತಿ ಒಯ್ಯಲು ಯಾರೂ ಇರುವುದಿಲ್ಲ. ಅದಕ್ಕೇ ಕಜಾಕಿಸ್ತಾನದ ಬಯಲಿನಲ್ಲಿ ಸೋಯುಜ್ ಇಳಿದಾಗ, ಪಕ್ಕದ ಟೆಂಟಿನಲ್ಲಿ ಡಾಕ್ಟರುಗಳು ಒಂದು ಪರೀಕ್ಷೆ ನಡೆಸಿದ್ದಾರೆ. ಮಲಗಿದ್ದವರು ಎದ್ದು ನಿಲ್ಲಬೇಕು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಬೇಕು. ಆಗುತ್ತಿಲ್ಲ ಎನ್ನಿಸಿದರೆ ಅಲ್ಲೇ ನಿಲ್ಲಿಸಿ, 'ಆಗುತ್ತಿಲ್ಲ' ಎಂದು ಹೇಳಬಹುದು. ಅದನ್ನೂ ಬರೆದುಕೊಳ್ಳುತ್ತಾರೆ.